ಹಲ್ಲಿನ ಬೇರಿನಲ್ಲಿ ಬರೆದಿಟ್ಟ ವಯಸ್ಸು

ಚನ್ನಗಿರಿಯ ತೋಟಗಳಲ್ಲಿ ಅಡಿಕೆ ಮರದ ಮೈ ನೋಡಿದ್ದೀರಲ್ಲ? ಉದುರಿದ ಒಂದೊಂದು ಸೋಗೆಯೂ ಕಾಂಡದ ಮೇಲೆ ಒಂದು ಉಂಗುರ ಬಿಟ್ಟು ಹೋಗಿರುತ್ತದೆ. ಆ ತೋಟದ ಯಜಮಾನರ ಬಾಯೊಳಗೂ ಅಂಥದೇ ಲೆಕ್ಕವೊಂದು ಸದ್ದಿಲ್ಲದೆ ನಡೆದಿದೆ! ಹಲ್ಲಿನ ಬೇರನ್ನು ಹೊದ್ದಿರುವ ಸಿಮೆಂಟಮ್ ಎಂಬ ಪದರ ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ. ವರ್ಷಕ್ಕೆ ಒಂದು ತಿಳಿ ಗೆರೆ, ಒಂದು ಕಪ್ಪು ಗೆರೆ. ಬೇರನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರೆ ಆ ಜೋಡಿಗಳನ್ನು ಎಣಿಸಬಹುದು. ಆ ಹಲ್ಲು ಮೂಡುವ ವಯಸ್ಸನ್ನು ಅದಕ್ಕೆ ಕೂಡಿಸಿದರೆ ಮನುಷ್ಯನ ವಯಸ್ಸು ಹತ್ತಿರ ಹತ್ತಿರ ಸಿಕ್ಕಿಬಿಡುತ್ತದೆ. ಶತಮಾನಗಳ ಹಿಂದೆ ಮಣ್ಣಾದವರ ವಯಸ್ಸನ್ನೂ, ಕಾಡಿನ ಕರಡಿಯ ವಯಸ್ಸನ್ನೂ ಹೀಗೇ ಓದುತ್ತಾರೆ.

ಇಷ್ಟು ಜತನದಿಂದ ಬರೆದ ಆ ಪದರ ಹಲ್ಲಿನ ಕುತ್ತಿಗೆಯ ಹತ್ತಿರ ಕೂದಲೆಳೆಗಿಂತ ತೆಳು. ಒಸಡು ಮುಚ್ಚಿಕೊಂಡಿರುವಷ್ಟು ಕಾಲ ಚಿಂತೆಯಿಲ್ಲ. ವಯಸ್ಸಾದಂತೆ ಒಸಡು ಕೆಳಗಿಳಿಯುತ್ತದೆ, ಬೇರು ಮೊದಲ ಸಲ ಬಾಯಿಯ ಬೆಳಕು ಕಾಣುತ್ತದೆ, ಅಪಾಯ ಶುರುವಾಗುವುದು ಆಗಲೇ. ಮೇಲಿನ ಎನಾಮೆಲ್ ತೂಕದ ಲೆಕ್ಕದಲ್ಲಿ ಶೇ 96ರಷ್ಟು ಖನಿಜ. ಬಾಯಿಯ ಪಿಎಚ್ ಸುಮಾರು 5.5ಕ್ಕೆ ಇಳಿಯುವ ತನಕ ಅದು ಕರಗುವುದಿಲ್ಲ. ಬೇರಿಗೆ ಅಷ್ಟು ಆಮ್ಲ ಬೇಕಿಲ್ಲ, 6.2ರಿಂದ 6.7ರ ನಡುವೆಯೇ ಕರಗತೊಡಗುತ್ತದೆ! ಪಿಎಚ್‌ನಲ್ಲಿ ಒಂದು ಅಂಕಿಯ ವ್ಯತ್ಯಾಸ ಅಂದರೆ ಹತ್ತು ಪಟ್ಟು. ಎನಾಮೆಲ್ಲನ್ನು ಕರಗಿಸಲು ಬೇಕಾದ ಆಮ್ಲದ ಹತ್ತನೇ ಒಂದು ಪಾಲು ಸಾಕು, ಬೇರು ಸೋಲುತ್ತದೆ. ಸಕ್ಕರೆ ಹಾಕಿದ ಒಂದು ಲೋಟ ಚಹಾವನ್ನು ಗಂಟೆಗಟ್ಟಲೆ ಗುಟುಕರಿಸುವ ಅಜ್ಜನ ಬಾಯಲ್ಲಿ ಅಷ್ಟು ಆಮ್ಲ ಹುಟ್ಟುವುದು ಕಷ್ಟವೇ?

ಇನ್ನು ಅಡಿಕೆ ಸೀಮೆಯ ಬಾಯಿಯ ಮಾತು. ಎಲೆಯಡಿಕೆ ಜಗಿಯುವವರಲ್ಲಿ ಹಲ್ಲಿನ ತಲೆಯ ಹುಳುಕು ಕಡಿಮೆ ಎಂದು ಕೆಲವು ಅಧ್ಯಯನಗಳು ಹೇಳಿವೆ. ಇದನ್ನು ಕೇಳಿ ಜಗಿಯುವವರು ಖುಷಿಪಡಬೇಕಿಲ್ಲ: ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಕ್ಯಾನ್ಸರ್‌ಕಾರಕ ಎಂದು ಸಾರಿದೆ. ಬೇರಿನ ಕಥೆಯೂ ಬೇರೆ. ಹೊಗೆಸೊಪ್ಪು ಸೇರಿಸಿ ದವಡೆಯ ಮೂಲೆಯಲ್ಲಿ ಒತ್ತರಿಸಿಟ್ಟ ಕಡೆ ಒಸಡು ಸರಿಯುತ್ತದೆ. ಇಟ್ಟಿಗೆ ಪುಡಿ, ಇದ್ದಿಲಿನಿಂದ ದಶಕಗಟ್ಟಲೆ ಉಜ್ಜಿದ್ದರೆ ಹಲ್ಲಿನ ಬುಡದಲ್ಲಿ ಕಚ್ಚು ಬಿದ್ದಿರುತ್ತದೆ. ಅದರ ಮೇಲೆ ಬಿ.ಪಿ., ನಿದ್ದೆ, ಖಿನ್ನತೆ, ಅಲರ್ಜಿಯ ಮಾತ್ರೆಗಳು; ಇವುಗಳಲ್ಲಿ ಎಷ್ಟೋ ಬಾಯಿ ಒಣಗಿಸುತ್ತವೆ. ಆಮ್ಲವನ್ನು ತೊಳೆದು, ಕರಗಿದ ಖನಿಜವನ್ನು ವಾಪಸು ಕೂರಿಸುವ ಜೊಲ್ಲೇ ಬತ್ತಿದರೆ ಬೇರಿಗೆ ದಿಕ್ಕು ಯಾರು?

ಸೋಜಿಗವೆಂದರೆ, ಬೇರಿನ ಹುಳುಕು ನೋಯುವುದೇ ಅಪರೂಪ. ವಯಸ್ಸಾದ ಹಲ್ಲು ಒಳಗಿನಿಂದ ಡೆಂಟಿನ್ ಕಟ್ಟಿಕೊಳ್ಳುತ್ತಾ ನರದ ಕೋಣೆಯನ್ನು ಕಿರಿದು ಮಾಡಿಕೊಂಡಿರುತ್ತದೆ. ಹಾಗಾಗಿ ಹುಳುಕು ಆಳಕ್ಕಿಂತ ಅಗಲಕ್ಕೆ ಹರಡಿ, ಒಸಡಿನ ಅಂಚಿಗೇ ಬಳಸಿಕೊಂಡು ಹಲ್ಲನ್ನು ಸುತ್ತುವರಿಯುತ್ತದೆ. ಒಂದು ದಿನ ಚಕ್ಕುಲಿ ಕಡಿದಾಗ ತಲೆಯೇ ಮುರಿದು ಕೈಗೆ ಬರುತ್ತದೆ, ಬೇರು ಒಸಡಿನಲ್ಲೇ ಉಳಿಯುತ್ತದೆ. ಆಮೇಲೆ ಎಲೆಯಡಿಕೆಗೆ ಕುಟ್ಟಾಣಿಯೇ ಗತಿ. ಅಡಿಕೆ ಕಲೆ ಹತ್ತಿದ ಬಾಯಲ್ಲಿ ಇದನ್ನು ಕಣ್ಣಿನಿಂದ ಗುರುತಿಸುವುದೂ ಸುಲಭವಲ್ಲ. ಕಲೆಯೂ ಕಪ್ಪು, ಹುಳುಕೂ ಕಂದು. ವೈದ್ಯರು ಉಪಕರಣದ ತುದಿಯನ್ನು ಹಗುರಾಗಿ ಆಡಿಸುತ್ತಾರೆ. ಕಲೆಯ ಮೇಲೆ ಅದು ನುಣ್ಣಗೆ ಜಾರುತ್ತದೆ. ಜೀವಂತ ಹುಳುಕಿನಲ್ಲಿ ಒಸಡಿನ ಪಕ್ಕದ ಮೇಲ್ಮೈ ಚರ್ಮದಂತೆ ಮೆತ್ತಗೆ, ತುದಿಯನ್ನು ಹಿಡಿದುಕೊಳ್ಳುತ್ತದೆ.

ಈಗ ಕೇಳಿ ನಿಜವಾದ ಅಚ್ಚರಿ: ಆ ಮೆತ್ತನೆಯದು ಮತ್ತೆ ಗಟ್ಟಿಯಾಗಬಲ್ಲದು! ಖನಿಜ ಕರಗಿದರೂ ಬೇರಿನ ಕೊಲ್ಯಾಜೆನ್ ಹಂದರ ಸ್ವಲ್ಪ ಕಾಲ ನಿಂತಿರುತ್ತದೆ. ಅದು ಕೊಳೆಯುವ ಮೊದಲು ಬಾಯಿ ಶುಚಿಯಾಗಿ ಫ್ಲೋರೈಡ್ ಸಿಕ್ಕರೆ ಖನಿಜ ಮರಳಿ ತುಂಬಿಕೊಂಡು, ಆ ಜಾಗ ಕಪ್ಪಾಗಿ ಹೊಳೆಯುತ್ತಾ ಕಲ್ಲಿನಂತೆ ನಿಲ್ಲುತ್ತದೆ.

ಫ್ಲೋರೈಡ್ ಅಂದ ಕೂಡಲೇ ಜಗಳೂರಿನವರ ಎದೆ ಝಲ್ ಎನ್ನುತ್ತದೆ. ಅವರ ಬೋರ್‌ವೆಲ್‌ಗಳಿಗೆ ಅದೇ ಶಾಪ. ಲೀಟರ್‌ಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಂದು ಪಟ್ಟಿ ಬೀಳಬಹುದು, ಅದಕ್ಕೂ ಬಹಳ ಹೆಚ್ಚಿದ್ದರೆ ದೊಡ್ಡವರ ಮೂಳೆಯೇ ಸೆಟೆದುಕೊಳ್ಳುತ್ತದೆ. 57 ಕೆರೆಗಳಿಗೆ ತುಂಗಭದ್ರೆಯನ್ನು ಹರಿಸಬೇಕೆಂಬ ಅಲ್ಲಿನ ಹಂಬಲದ ಬೆಲೆ ಆ ನೀರು ಕುಡಿದವರಿಗೇ ಗೊತ್ತು. ಆದರೆ ಕೆನಡಾದ ಒಂಟಾರಿಯೊದಲ್ಲಿ, ಸಹಜವಾಗಿಯೇ 1.6ರಷ್ಟು ಫ್ಲೋರೈಡ್ ಇದ್ದ ಸ್ಟ್ರಾಟ್‌ಫರ್ಡ್ ಊರಿನ ದೊಡ್ಡವರ ಬೇರಿನ ಹುಳುಕು, ಫ್ಲೋರೈಡ್ ತೀರಾ ಕಡಿಮೆಯಿದ್ದ ವುಡ್‌ಸ್ಟಾಕ್‌ಗೆ ಹೋಲಿಸಿದರೆ ಸುಮಾರು ಅರ್ಧದಷ್ಟಿತ್ತು ಎಂದು 1990ರ ಅಧ್ಯಯನ ತೋರಿಸಿತು. ಒಂದೇ ವಸ್ತು, ಹೊಟ್ಟೆಗೆ ಅತಿಯಾದರೆ ವಿಷ, ಹಲ್ಲಿನ ಮೈಗೆ ಹದವಾಗಿ ತಾಗಿದರೆ ಕವಚ! ಜಗಳೂರಿನ ನೀರನ್ನು ಯಾರೂ ಔಷಧಿ ಎಂದುಕೊಳ್ಳಬಾರದು. ಬೇರಿಗೆ ಬೇಕಾದದ್ದು ಹಚ್ಚಿ ಉಗುಳುವ ಫ್ಲೋರೈಡ್. ನಮ್ಮಲ್ಲಿ ಮಾಮೂಲಿ ಪೇಸ್ಟ್‌ನಲ್ಲಿ ಅದು ಹತ್ತು ಲಕ್ಷಕ್ಕೆ 1000 ಭಾಗದ ಮಿತಿಯಲ್ಲಿದೆ. ಹೊರದೇಶಗಳಲ್ಲಿ ಬೇರಿನ ಹುಳುಕಿಗೆಂದೇ 5000ದ ಪೇಸ್ಟನ್ನು ವೈದ್ಯರು ಬರೆದುಕೊಡುತ್ತಾರೆ.

ಇನ್ನೊಂದು ದ್ರವ ಇದೆ, ಸಿಲ್ವರ್ ಡೈಅಮೈನ್ ಫ್ಲೋರೈಡ್. ಜಪಾನಿನಲ್ಲಿ 1970ರಿಂದ ಬಳಕೆಯಲ್ಲಿದೆ. ಬೆಳ್ಳಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಫ್ಲೋರೈಡ್ ಬೇರನ್ನು ಗಟ್ಟಿಮಾಡುತ್ತದೆ. ಹುಳುಕು ಇದ್ದಲ್ಲಿ ಕಪ್ಪು ಕಲೆ ಉಳಿಯುತ್ತದೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಡ್ರಿಲ್ ಬೇಡ, ಇಂಜೆಕ್ಷನ್ ಬೇಡ. ಒಣಗಿಸಿದ ಹಲ್ಲಿನ ಬುಡಕ್ಕೆ ಪುಟ್ಟ ಬ್ರಷ್‌ನಲ್ಲಿ ಒಂದು ಹನಿ, ಒಂದೆರಡು ನಿಮಿಷ. ಆಸ್ಪತ್ರೆಯ ಮೆಟ್ಟಿಲು ಹತ್ತಲಾರದ ಹೊನ್ನಾಳಿ, ನ್ಯಾಮತಿಯ ಅಜ್ಜಿಗೆ ಮನೆಯ ಮಂಚದ ಮೇಲೇ ದಂತವೈದ್ಯರು ಹಚ್ಚಬಹುದಾದ ಚಿಕಿತ್ಸೆ ಇದು.