ಯಂತ್ರಲೋಕದ ಅರಿಸಮಾಸಗಳು

ಸಂಸ್ಕೃತ ಪದಕ್ಕೂ ಅಚ್ಚಗನ್ನಡ ಪದಕ್ಕೂ ಗಂಟುಹಾಕಿ ಸಮಾಸ ಮಾಡಲಾಗದೆಂದು ನಮ್ಮ ಲಾಕ್ಷಣಿಕರು ವಿಧಿಸಿದರು. ಮಾಡಿದರೆ ಅದು ಅರಿಸಮಾಸ, ಎಂದರೆ ಹಗೆಗಳ ಕೂಟ. ನಯಸೇನನಂತೂ ಇದನ್ನು ತುಪ್ಪಕ್ಕೆ ಎಣ್ಣೆ ಬೆರೆಸುವ ಅವಿವೇಕಕ್ಕೆ ಹೋಲಿಸಿದ. ಆದರೂ ಜನ ಕೂಡಿಸುತ್ತಲೇ ಬಂದರು, ಕವಿಗಳೂ ಕೂಡಿಸಿದರು. ಕೇಶಿರಾಜನೂ ಪೂರ್ವಕವಿಗಳ ಪ್ರಯೋಗವನ್ನು ಮನ್ನಿಸಿ ಕೆಲವನ್ನು ಒಪ್ಪಬೇಕಾಯಿತು. ತರಗತಿಯಲ್ಲಿ ಈ ಪ್ರಕರಣ ಬಂದಾಗಲೆಲ್ಲ ನನ್ನ ಮನಸ್ಸು ಕಾವ್ಯವನ್ನು ಬಿಟ್ಟು ಮೋಟಾರು ಗಾಡಿಗಳ ಕಡೆಗೆ ಓಡುತ್ತದೆ. ಕನ್ನಡ ಮೇಷ್ಟರಿಗೆ ಇದೆಂಥ ಹುಚ್ಚೆಂದು ಸಹೋದ್ಯೋಗಿಗಳು ನಗುವುದುಂಟು. ನಗಲಿ.

ಒಂದು ಗಾಡಿಯ ಎಂಜಿನ್ನನ್ನು ಇನ್ನೊಂದರ ಚಕ್ರಕ್ಕೆ ಕೂಡಿಸುವ ಈ ಅರಿಸಮಾಸವನ್ನು ಅಪರಾಧವೆಂದು ತಿಳಿಯದೆ, ಅದಕ್ಕೊಂದು ವ್ಯಾಕರಣವನ್ನೇ ಬರೆದುಕೊಂಡ ಜನ ಅಮೆರಿಕದಲ್ಲಿದ್ದಾರೆ. ಅವರ ಗಾಡಿಗೆ ಹಾಟ್ ರಾಡ್ ಎಂದು ಹೆಸರು. ‘ಕಾದ ಸರಳು’ ಎಂದು ಅನುವಾದಿಸಿದರೆ ಏನೂ ತಿಳಿಯದು. 1932ರಲ್ಲಿ ಫೋರ್ಡ್ ಕಂಪನಿ ಎಂಟು ಸಿಲಿಂಡರಿನ ಎಂಜಿನ್ನನ್ನು ಸಾಮಾನ್ಯರ ಕೈಗೆಟಕುವ ಬೆಲೆಯ ಕಾರಿನಲ್ಲಿ ಇರಿಸಿತು. ಆ ಕಾರುಗಳು ಹಳತಾಗಿ ಅಗ್ಗವಾದಾಗ ಕ್ಯಾಲಿಫೋರ್ನಿಯಾದ ಯುವಕರು ಅವುಗಳ ಮಡ್‌ಗಾರ್ಡ್ ಕಿತ್ತು, ಮೈ ಹಗುರಗೊಳಿಸಿ, ಎಂಜಿನ್ ಬಿಚ್ಚಿ ಬಲಗೊಳಿಸಿ, ಒಣಗಿದ ಕೆರೆಯಂಗಳಗಳಲ್ಲಿ ಓಡಿಸತೊಡಗಿದರು. 1937ರಲ್ಲಿ ಸದರನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಹುಟ್ಟಿತು. ಯುದ್ಧ ಮುಗಿದ ಮೇಲೆ ಬಿಲ್ ಬರ್ಕ್ ಎಂಬಾತ ಯುದ್ಧವಿಮಾನದ ಹೊಟ್ಟೆಗೆ ತೂಗುಬಿಡುತ್ತಿದ್ದ ಇಂಧನದ ಟ್ಯಾಂಕನ್ನೇ ಕಾರಿನ ಮೈಯಾಗಿ ಮಾಡಿಕೊಂಡ. ಗುಜರಿಯ ಆ ತೊಟ್ಟಿ ಗಾಳಿಯನ್ನು ಸೀಳುವುದಕ್ಕೆ ಹೇಳಿಮಾಡಿಸಿದ ಆಕಾರದಲ್ಲಿತ್ತು.

1949ರಲ್ಲಿ ಇವರಿಗೆ ಯೂಟಾ ಪ್ರಾಂತದ ಬಾನೆವಿಲ್ ಉಪ್ಪಿನ ಬಯಲು ದೊರೆಯಿತು. ಪ್ರಾಚೀನ ಸರೋವರವೊಂದು ಬತ್ತಿ ಉಳಿಸಿದ ಶೇಷ ಅದು. ಬೇಸಗೆಯಲ್ಲಿ ಕಣ್ಣು ಹಾಯುವಷ್ಟು ದೂರ ಬೆಳ್ಳಗೆ ಹಾಸಿಕೊಂಡ ಸಮತಲ. ಅಲ್ಲಿಗೆ ಅವರೇ ಮೊದಲಿಗರಲ್ಲ. 1935ರಲ್ಲಿ ಮಾಲ್ಕಮ್ ಕ್ಯಾಂಪ್‌ಬೆಲ್ ಅಲ್ಲಿಯೇ ಗಂಟೆಗೆ 301 ಮೈಲಿಯ ವೇಗವನ್ನು ಮುಟ್ಟಿದ್ದ. ಆದರೆ ಆತ ಓಡಿಸಿದ್ದು ರೋಲ್ಸ್-ರಾಯ್ಸ್ ವಿಮಾನದ ಎಂಜಿನ್ ಹೊತ್ತ ಗಾಡಿ, ಸಿರಿವಂತರ ಸಾಹಸ. ಹಿತ್ತಲಿನಲ್ಲಿ ಗಾಡಿ ಕಟ್ಟಿದವರೂ ಅದೇ ಉಪ್ಪಿನ ಮೇಲೆ ಬಂದು ನಿಂತರಲ್ಲ, ಅದು ಇನ್ನೂ ದೊಡ್ಡ ಸಂಗತಿಯೆಂದು ನನ್ನ ಮತ.

ವೇಗಕ್ಕೆ ಎಂಜಿನ್ನಿನ ಬಲವೇ ಸಾಕೆಂದು ನಾವು ಭಾವಿಸುತ್ತೇವೆ. ನಿಜವಾದ ಕಷ್ಟ ಆ ಬಲವನ್ನು ಚಕ್ರಕ್ಕೆ ತಲುಪಿಸುವುದರಲ್ಲಿದೆ. ಉಪ್ಪು ಜಾರುತ್ತದೆ, ಬಲ ಹೆಚ್ಚಾದರೆ ಚಕ್ರ ನಿಂತಲ್ಲೇ ತಿರುಗುತ್ತದೆ. ಜಾನ್ ಕಾಬ್ 1947ರಲ್ಲಿ 394 ಮೈಲಿ ವೇಗದಲ್ಲಿ ಓಡಿಸಿದ ರೈಲ್ಟನ್ ಗಾಡಿಯಲ್ಲಿ ಎರಡು ವಿಮಾನದ ಎಂಜಿನ್ನುಗಳು. ಒಂದು ಮುಂದಿನ ಚಕ್ರಗಳಿಗೆ, ಇನ್ನೊಂದು ಹಿಂದಿನವಕ್ಕೆ. ಮೂತಿಯಲ್ಲಿ ರೇಡಿಯೇಟರಿಗೆ ಬಾಯಿ ತೆರೆದರೆ ಗಾಳಿ ತಡೆಯುತ್ತದೆಂದು ಎಂಜಿನ್ನನ್ನು ತಣಿಸಲು ಮಂಜುಗಡ್ಡೆಯ ತೊಟ್ಟಿಯನ್ನೇ ಹೊತ್ತು ಓಡಿತು.

ಮಿಕಿ ಥಾಂಪ್ಸನ್ ಎಂಬ ಹಾಟ್ ರಾಡ್ ಗಾರ 1960ರಲ್ಲಿ ನಾಲ್ಕು ಪಾಂಟಿಯಾಕ್ ಎಂಜಿನ್ನುಗಳನ್ನು ಒಂದೇ ಗಾಡಿಯಲ್ಲಿ ಹೂಡಿದ. ಪ್ರತಿಯೊಂದಕ್ಕೂ ಪ್ರತ್ಯೇಕ ಗೇರ್‌ಬಾಕ್ಸು. ಹೋಗುವಾಗ 406 ಮೈಲಿ ವೇಗ ಬಂತು. ಆದರೆ ವಿಶ್ವದಾಖಲೆಗೆ ಒಂದು ಗಂಟೆಯೊಳಗೆ ಹಿಂತಿರುಗಿಯೂ ಓಡಬೇಕು. ಮರಳುವ ಓಟದಲ್ಲಿ ಮುರಿದದ್ದು ಎಂಜಿನ್ ಅಲ್ಲ, ಬಲವನ್ನು ಚಕ್ರಕ್ಕೆ ಒಯ್ಯುವ ಶಾಫ್ಟು. ಐದು ವರ್ಷಗಳ ಬಳಿಕ ಸಮರ್ಸ್ ಸಹೋದರರು ನಾಲ್ಕು ಕ್ರೈಸ್ಲರ್ ಎಂಜಿನ್ನುಗಳನ್ನು ಎತ್ತಿನ ಹೇರಿನಂತೆ ಸಾಲಾಗಿ ಜೋಡಿಸಿ, ಗೋಲ್ಡನ್‌ರಾಡ್ ಎಂಬ ಈಟಿಯಂಥ ಕಾರನ್ನು ಕಟ್ಟಿ, 409.277 ಮೈಲಿಯ ದಾಖಲೆಯನ್ನು ಪಡೆದರು. 1991ರಲ್ಲಿ ಆಲ್ ಟೀಗ್ ಎಂಬಾತ ಒಂದೇ ಎಂಜಿನ್ನಿನಿಂದ ಅದನ್ನು ಒಂದು ಮೈಲಿಗೂ ಕಡಮೆ ಅಂತರದಲ್ಲಿ ದಾಟಿದ. 2001ರಲ್ಲಿ ಡಾನ್ ವೆಸ್ಕೊ ಹೆಲಿಕಾಪ್ಟರಿನ ಟರ್ಬೈನನ್ನು ಚಕ್ರಗಳಿಗೆ ಕೂಡಿಸಿ 458 ಮೈಲಿ ಮುಟ್ಟಿದ. ಇದಕ್ಕಿಂತ ದೊಡ್ಡ ಅರಿಸಮಾಸ ಯಾವುದಿದ್ದೀತು?

ಇನ್ನು ನಮ್ಮ ಕಡೆಗೆ ಬರೋಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಕ್ಕದೆ ಮೈಸೂರು ಸಂಸ್ಥಾನದ ಬಸ್ಸುಗಳು ಇದ್ದಿಲಿನ ಮೇಲೆ ಓಡಿದ ಕಥೆಯನ್ನು ಹಿರಿಯರಿಂದ ಕೇಳದ ಮನೆ ವಿರಳ. ಬಸ್ಸಿನ ಬೆನ್ನಿಗೆ ಒಲೆ. ಇದ್ದಿಲು ಅರೆಬೆಂದು ಬಿಡುವ ಅನಿಲವೇ ಇಂಧನ. ಏರು ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕು. ಇನ್ನು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳಲ್ಲಿ ಒಂದು ವಿಶೇಷವಿತ್ತು: ಕಿಕ್ ಹೊಡೆಯುವ ಸನ್ನೆಯೇ ತಿರುಗಿಸಿದರೆ ಗೇರಿನ ಸನ್ನೆ. ಗೇರ್ ತುಳಿದಾಗ ಕ್ಲಚ್ಚು ತಾನೇ ಬಿಡುತ್ತಿತ್ತು. ಒಂದೇ ಪದ ಸಂದರ್ಭಕ್ಕೆ ತಕ್ಕಂತೆ ನಾಮಪದವೂ ಕ್ರಿಯಾಪದವೂ ಆದಂತೆ.

ಹಾಸನದಿಂದ ಹೊಳೆನರಸೀಪುರಕ್ಕೆ, ಅರಕಲಗೂಡಿಗೆ, ಚನ್ನರಾಯಪಟ್ಟಣಕ್ಕೆ ಹೋಗುವ ದಾರಿಗಳಲ್ಲಿ ಗ್ಯಾರೇಜುಗಳ ಮುಂದೆ ನಿಂತು ಮಾತನಾಡುವುದು ನನ್ನ ರಜಾದಿನದ ಚಪಲ. ಅಲ್ಲಿಯ ಹಳಬರು ಬದುಕು ಸವೆಸಿದ್ದು ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವ ವಿದ್ಯೆಯಲ್ಲಿ. ಹೊಸ ಎಂಜಿನ್ನಿನ ಬೋಲ್ಟಿನ ತೂತುಗಳು ಹಳೆಯ ಗೇರ್‌ಬಾಕ್ಸಿಗೆ ಹೊಂದುವುದಿಲ್ಲ. ನಡುವೆ ಲೇತಿನಲ್ಲಿ ಕಡೆದ ಕಬ್ಬಿಣದ ತಟ್ಟೆಯೊಂದು ಬರಬೇಕು. ಅದು ಕೂದಲೆಳೆಯಷ್ಟು ಓರೆಯಾದರೂ ಬೇರಿಂಗ್ ಬಾಳದು. ಡೀಸೆಲ್ ಎಂಜಿನ್ನಿಗೆ ಎಳೆತ ಹೆಚ್ಚು, ಸುತ್ತು ಕಡಮೆ. ಆದ್ದರಿಂದ ಹಳೆಯ ಹಲ್ಲಿನ ಲೆಕ್ಕವೇ ಉಳಿದರೆ ಗಾಡಿ ಬೇಗನೆ ಗೋಳಿಡುತ್ತದೆ, ಮುಂದೆ ಓಡದು. ಆಗ ಹಿಂದಿನ ಕ್ರೌನ್ ಪಿನಿಯನ್ ಬದಲಿಸಬೇಕು. ಬಾನೆವಿಲ್ಲಿನವರು ಮಾಡುವುದೂ ಇದೇ ಹಲ್ಲಿನ ಲೆಕ್ಕ.

ಒಬ್ಬ ವೃದ್ಧ ಮೆಕ್ಯಾನಿಕ್‌ರನ್ನು, “ಯಜಮಾನರೆ, ಇದನ್ನೆಲ್ಲ ಎಲ್ಲಿ ಕಲಿತಿರಿ?” ಎಂದೆ. “ಎಲ್ಲಿ ಕಲಿಯೋದು ಸ್ವಾಮಿ, ಮುರಿದಾಗ ಕಲಿಯೋದು” ಎಂದರು. ಅವರು ಕಟ್ಟಿದ ಜೀಪುಗಳೆಷ್ಟು, ಯಾವುದಕ್ಕೆ ಯಾವ ಎಂಜಿನ್, ಹಲ್ಲಿನ ಲೆಕ್ಕವೇನು? ಎಲ್ಲವೂ ಅವರ ತಲೆಯಲ್ಲಿದೆ. ಅವರ ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ.

ಕಾನೂನು ಅವರ ಕಡೆಗಿಲ್ಲ. ತಯಾರಕರು ಕೊಟ್ಟ ಮೂಲಸ್ವರೂಪವನ್ನು ಬದಲಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ತೀರ್ಪಿತ್ತಿತು. 2021ರ ನಿಯಮದಂತೆ ಐವತ್ತು ವರ್ಷ ಮೀರಿದ ವಾಹನಕ್ಕೆ ‘ವಿಂಟೇಜ್’ ಗೌರವವುಂಟು; ಆದರೆ ಎಂಜಿನ್, ಚಾಸಿ, ಮೈ ಮೂಲದಂತೆಯೇ ಇರಬೇಕು. ರಸ್ತೆಯ ಸುರಕ್ಷತೆಯನ್ನು ನೆನೆದರೆ ಈ ವಿಧಿ ಅನ್ಯಾಯವೆನ್ನಲಾರೆ. ಆದರೆ ಲಾಕ್ಷಣಿಕ ಹೊರಗಿಟ್ಟ ಪ್ರಯೋಗವನ್ನು ನಿಘಂಟುಕಾರನೂ ಬಿಟ್ಟುಬಿಡಬೇಕೆ? ಬಾನೆವಿಲ್ಲಿನಲ್ಲಿ 1935ಕ್ಕೆ ಹಿಂದಿನ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಬೇರೆ ವರ್ಗ, ಹಳೆಯ ಫೋರ್ಡ್ ಎಂಜಿನ್ನಿಗೆ ಬೇರೆ ವರ್ಗ. ಎಂಥ ವಿಚಿತ್ರ ಜೋಡಣೆಗೂ ಪುಸ್ತಕದಲ್ಲೊಂದು ಸಾಲು. ಅಲ್ಲಿಯೂ ಎಲ್ಲ ಸುಭದ್ರವಲ್ಲ: ಉಪ್ಪಿನ ಪದರ ತೆಳುವಾಗುತ್ತ, ಮಳೆನೀರು ನಿಲ್ಲುತ್ತ, 2014, 2015, 2022ರಲ್ಲಿ ವೇಗದ ವಾರವೇ ನಿಂತುಹೋಯಿತು. ಬಯಲು ಹೋದರೂ ಪುಸ್ತಕ ಉಳಿದೀತು.

ಅದರ ಬೆಲೆಯೇನೆಂಬುದಕ್ಕೆ ಬರ್ಟ್ ಮನ್ರೊನ ಕಥೆ ಸಾಕ್ಷಿ. ನ್ಯೂಜಿಲೆಂಡಿನ ಈತ 1920ರ ‘ಇಂಡಿಯನ್’ ಬೈಕೊಂದನ್ನು ಕೊಂಡ. (ಹೆಸರು ನೋಡಿ ವಿದ್ಯಾರ್ಥಿಗಳು ಹಿಗ್ಗಬೇಕಿಲ್ಲ, ಅದು ಅಮೆರಿಕದ ಕಂಪನಿ.) ಗಂಟೆಗೆ ಐವತ್ತೈದು ಮೈಲಿ ಓಡುತ್ತಿದ್ದ ಆ ಬೈಕಿಗೆ ಹಳೆಯ ಡಬ್ಬಗಳಲ್ಲಿ ಪಿಸ್ಟನ್ ಎರಕಹೊಯ್ದು, ಕನೆಕ್ಟಿಂಗ್ ರಾಡನ್ನು ಕೈಯಾರೆ ಅರೆದು, ದಶಕಗಳನ್ನು ಕಳೆದ. 1967ರಲ್ಲಿ, ಅರವತ್ತೆಂಟರ ವಯಸ್ಸಿನಲ್ಲಿ, ಬಾನೆವಿಲ್ಲಿನಲ್ಲಿ 183.586 ಮೈಲಿಯ ದಾಖಲೆ ಸ್ಥಾಪಿಸಿದ. 1978ರಲ್ಲಿ ತೀರಿಕೊಂಡ. ಆ ದಿನದ ಲೆಕ್ಕದಲ್ಲಿ ತಪ್ಪಿದೆಯೆಂದು ಬಹುಕಾಲದ ಮೇಲೆ ಆತನ ಮಗನ ಕಣ್ಣಿಗೆ ಬಿತ್ತು. ಕಾಗದಗಳು ಉಳಿದಿದ್ದವು, ಕೂಡಿ ಭಾಗಿಸಿ ನೋಡಿದರು, 2014ರಲ್ಲಿ ದಾಖಲೆ 184.087 ಎಂದು ತಿದ್ದುಪಡಿಯಾಯಿತು. ಗ್ರಂಥಸಂಪಾದನೆಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ನಾನು ಹೇಳಿಕೊಡಲಾರೆ.

ನಾನೂ ಒಂದು ನೋಟುಪುಸ್ತಕ ಇಟ್ಟಿದ್ದೇನೆ. ಆ ವೃದ್ಧರ ಬಾಯಿಂದ ಕೇಳಿ ಹನ್ನೊಂದು ಜೀಪುಗಳ ವಿವರ ಬರೆದುಕೊಂಡಿದ್ದೇನೆ. ಎಂಜಿನ್ ಯಾವುದು, ತಟ್ಟೆಯ ದಪ್ಪವೆಷ್ಟು, ಹಲ್ಲುಗಳೆಷ್ಟು. ಹನ್ನೆರಡನೆಯದು ಅರಕಲಗೂಡಿನ ಕಡೆ ಹುಣಸೆಮರದಡಿ ನಿಂತಿದೆಯಂತೆ. ಗುಜರಿಯವನು ಬೆಲೆ ಕಟ್ಟಿ ಹೋಗಿದ್ದಾನೆ. ಬರುವ ಭಾನುವಾರ ಅವನಿಗಿಂತ ಮೊದಲು ಹೋಗಬೇಕು.