ಪಡಿಯಲ್ಲಿ ಸಮ, ತಕ್ಕಡಿಯಲ್ಲಿ ಸಮವಲ್ಲ



ಕಳೆದ ಮಾವಿನ ಕಾಲದಲ್ಲಿ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ತೋತಾಪುರಿ ಹಣ್ಣಿನ ಜಾಮ್ ಮಾಡಿ ಗುರುಮನೆಗೂ ಒಂದು ಬಾಟಲಿ ಕಳುಹಿಸಿದ್ದರು. ರುಚಿಯಾಗಿಯೇ ಇತ್ತು. ಮೂರು ವಾರ ತುಂಬುವಷ್ಟರಲ್ಲಿ ಮೇಲೆ ಬೂಷ್ಟು ಬಂತು. ವಿಚಾರಿಸಿದರೆ, ಅವರ ಮನೆಯಲ್ಲಿದ್ದ ಎಂಟು ಬಾಟಲಿಗಳದ್ದೂ ಅದೇ ಕಥೆ. "ಪುಸ್ತಕದಲ್ಲಿ ಇದ್ದ ಹಾಗೆ ಸಮಸಮ ಹಾಕಿದೆ ಸ್ವಾಮಿ, ಒಂದು ಪಡಿ ತಿರುಳಿಗೆ ಒಂದು ಪಡಿ ಸಕ್ಕರೆ" ಎಂದರು. ಪುಸ್ತಕ ಹೇಳಿದ್ದು ತೂಕದ ಸಮ. ಅವರು ಹಾಕಿದ್ದು ಅಳತೆಯ ಸಮ.

ಒಂದು ಲೀಟರ್ ಪಾತ್ರೆಯ ತುಂಬ ನೀರು 1 ಕಿಲೋ ತೂಗುತ್ತದೆ. ಅದೇ ಪಾತ್ರೆಯಲ್ಲಿ ಮಾವಿನ ತಿರುಳು ಸುಮಾರು 1,050 ಗ್ರಾಂ, ಸಕ್ಕರೆಯಾದರೋ ಸುಮಾರು 850 ಗ್ರಾಂ ಮಾತ್ರ. ಹರಳುಗಳ ಸಂದಿನಲ್ಲಿ ಗಾಳಿ ಇರುತ್ತದಲ್ಲವೇ? ಹೀಗೆ ಐದರಲ್ಲಿ ಒಂದು ಪಾಲು ಸಕ್ಕರೆ ಕಡಿಮೆಯಾಯಿತು. ಜಾಮ್ ಉಳಿಯಬೇಕಾದರೆ ಅದರಲ್ಲಿ ಸಕ್ಕರೆ ಮೊದಲಾದ ಕರಗಿದ ಪದಾರ್ಥ ನೂರಕ್ಕೆ 65ರಷ್ಟಾದರೂ ಇರಬೇಕು. ಸಕ್ಕರೆ ಕಡಿಮೆಯಾದಾಗ ಹೆಚ್ಚು ಹೊತ್ತು ಕುದಿಸಿ ನೀರು ಇಂಗಿಸಬೇಕಿತ್ತು. ಆ ತಾಯಿ ವಾಡಿಕೆಯ ಹೊತ್ತಿಗೇ ಇಳಿಸಿಬಿಟ್ಟರು. ಅಂದಹಾಗೆ, ಬೂಷ್ಟು ಬಂದ ಜಾಮನ್ನು ಮೇಲೆ ಕೆರೆದು ಮಕ್ಕಳಿಗೆ ಕೊಡಬೇಡಿ. ಅದರ ವಿಷ ಕಣ್ಣಿಗೆ ಕಾಣದೆ ಕೆಳಗೂ ಇಳಿದಿರಬಹುದು. ಪೂರ್ತಿ ಚೆಲ್ಲಿ.

ಹೋಳುಗಳ ವಿಷಯ ಇದಕ್ಕೆ ತಿರುಗುಮುರುಗು. ಒಂದು ಲೀಟರ್ ಪಾತ್ರೆಗೆ ಮಾವಿನ ಹೋಳು 600ರಿಂದ 700 ಗ್ರಾಂ ಹಿಡಿದರೆ ಹೆಚ್ಚು. ಪುಡಿ ಉಪ್ಪು ಸುಮಾರು 1,200 ಗ್ರಾಂ ಹಿಡಿಯುತ್ತದೆ. ಉಪ್ಪಿನಕಾಯಿಗೆ ಆರು ಭಾಗ ಕಾಯಿ, ಒಂದು ಭಾಗ ಉಪ್ಪು ಎಂದು ಬರೆದಿದ್ದರೆ, ತೂಕದಲ್ಲಿ ಕಿಲೋ ಕಾಯಿಗೆ 167 ಗ್ರಾಂ ಉಪ್ಪಾಯಿತು. ಪಾವಿನಲ್ಲಿ ಅಳೆದರೋ ಅದು 280 ಗ್ರಾಂ ದಾಟುತ್ತದೆ! ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಉಪ್ಪು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮುದ್ದೆಯೊಡನೆ ಎರಡು ಹೊತ್ತೂ ಉಪ್ಪಿನಕಾಯಿ ನಂಜಿಕೊಳ್ಳುವ, ರಕ್ತದೊತ್ತಡವಿರುವ ಹಿರಿಯರ ಪಾಡೇನು? ಹಾಗೆಂದು ಕಣ್ಣಂದಾಜಿನಲ್ಲಿ ಉಪ್ಪು ಕಡಿತಗೊಳಿಸಿದರೆ ಉಪ್ಪಿನಕಾಯಿ ಕೆಡುತ್ತದೆ.

ಈ ಗೊಂದಲ ಹಳೆಯದು. ಸೇರು ಎಂಬ ಒಂದೇ ಹೆಸರು ತೂಕಕ್ಕೂ ಇತ್ತು, ಅಳತೆಗೂ ಇತ್ತು. ತೂಕದ ಸೇರು 80 ತೊಲ, ಅಂದರೆ ಸುಮಾರು 933 ಗ್ರಾಂ. ಅಳತೆಯ ಸೇರು, ಪಡಿಗಳು ಊರಿಂದೂರಿಗೆ ಬೇರೆ. 1956ರ ಕಾಯಿದೆಯಿಂದ ಕಿಲೋಗ್ರಾಂ ಬಂದರೂ ಅಜ್ಜಿಯ ಪಡಿ ನಮ್ಮ ಅಡುಗೆಮನೆ ಬಿಟ್ಟು ಹೋಗಲಿಲ್ಲ. ಅದುಮಿ ಅಲ್ಲಾಡಿಸಿದರೆ ಅಳತೆಯಲ್ಲಿ ಹೆಚ್ಚು ಹಿಡಿಯುತ್ತದೆಂಬುದು ಯೇಸುಸ್ವಾಮಿಯ ಕಾಲದವರಿಗೂ ಗೊತ್ತಿತ್ತು (ಲೂಕ 6:38 ಓದಿ ನೋಡಿ). ಕೃಷ್ಣಗಿರಿ ಕಡೆಯ ತಿರುಳಿನ ಕಾರ್ಖಾನೆಗೆ ಮಾವು ಒಯ್ದಾಗ ತೂಕದಲ್ಲಿ ಒಂದು ಕಿಲೋ ತಪ್ಪಿದರೂ ಜಗಳಕ್ಕೆ ನಿಲ್ಲುವ ನಮ್ಮ ರೈತರು, ಮನೆಯೊಳಗೆ ಮಾತ್ರ ಲೋಟದ ಲೆಕ್ಕದಲ್ಲಿಯೇ ಇದ್ದಾರೆ.

ಪಡಿಯನ್ನು ಎಸೆಯಬೇಕಾಗಿಲ್ಲ. ನಿಮ್ಮ ಪಡಿಯನ್ನೋ ಪಾವನ್ನೋ ಅಂಗಡಿಗೆ ಒಯ್ದು ಮೊದಲು ಬರಿದಾಗಿ ತೂಗಿಸಿ. ಅನಂತರ ಸಕ್ಕರೆ ತುಂಬಿ, ಗೋಪುರವಿಲ್ಲದಂತೆ ಮೇಲೆ ಸವರಿ ತೂಗಿಸಿ, ಪಾತ್ರೆಯ ತೂಕ ಕಳೆಯಿರಿ. ಉಪ್ಪಿಗೂ ಹಾಗೆಯೇ, ಕಲ್ಲುಪ್ಪಿಗೆ ಬೇರೆ, ಪುಡಿ ಉಪ್ಪಿಗೆ ಬೇರೆ. ಹಣ್ಣನ್ನು ಮಾತ್ರ ಪ್ರತಿ ಸಾರಿಯೂ ತಕ್ಕಡಿಗೇ ಹಾಕಬೇಕು, ಅದೂ ಸಿಪ್ಪೆ, ವಾಟೆ ತೆಗೆದ ಮೇಲೆ. ಸಿಕ್ಕಿದ ಸಂಖ್ಯೆಗಳನ್ನು ಮೊಳೆಯಿಂದ ಪಡಿಯ ತಳದಲ್ಲಿ ಗೀಚಿಡಿ, ಸೊಸೆಗೂ ಉಪಯೋಗಕ್ಕೆ ಬರುತ್ತದೆ.