ಸರಳಿಗೂ ಬೇಕು ಕಲಾಯಿ

ಮಳೆಗಾಲ ಬಂತೆಂದರೆ ಮುಂಬಯಿಯ ಹಳೆಯ ಕಟ್ಟಡಗಳಲ್ಲಿ ಈ ನೋಟ ಸಾಮಾನ್ಯ. ಬಾಲ್ಕನಿಯ ಅಡಿಯಿಂದಲೋ ಬಚ್ಚಲಿನ ಸೂರಿನಿಂದಲೋ ಕಾಂಕ್ರೀಟಿನ ಚೂರು ಕಳಚಿ ಬೀಳುತ್ತದೆ. ಒಳಗಿನ ಸರಳು ಕೆಂಪಗೆ ಇಣುಕುತ್ತದೆ. ಗಾರೆಯವನನ್ನು ಕರೆಸಿ ಸಿಮೆಂಟು ಮೆತ್ತಿಸಿ, ಬಣ್ಣ ಹೊಡೆಸಿ ನಾವು ನಿಶ್ಚಿಂತರಾಗುತ್ತೇವೆ. ಆದರೆ ಓದುಗರೇ, ತೊಳೆಯದೆ ಪಟ್ಟಿ ಕಟ್ಟಿದ ಗಾಯ ಒಳಗೇ ಕೀವಾಗದೆ ಇದ್ದೀತೆ?

ರೋಗದ ಮೂಲ ತಿಳಿದರೆ ಮದ್ದೂ ತಿಳಿಯುತ್ತದೆ. ಹೊಸ ಕಾಂಕ್ರೀಟಿಗೆ ಸುಣ್ಣದಂತೆ ತೀಕ್ಷ್ಣ ಕ್ಷಾರಗುಣವಿದೆ. ಅದರಿಂದ ಸರಳಿನ ಮೇಲೆ ಕಣ್ಣಿಗೆ ಕಾಣದ ತೆಳುಪೊರೆಯೊಂದು ಮೂಡಿ ಅದನ್ನು ಕಾಯುತ್ತದೆ. ವರ್ಷಗಳುರುಳಿದಂತೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಒಳಸೇರಿ ಆ ಗುಣವನ್ನು ಕುಂದಿಸುತ್ತದೆ. ಕಡಲಗಾಳಿಯ ಉಪ್ಪು ಪೊರೆಯನ್ನೇ ಹರಿದುಹಾಕುತ್ತದೆ. ತುಕ್ಕು ಕಬ್ಬಿಣಕ್ಕಿಂತ 2 ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಬಿರಿಯುತ್ತದೆ. 1973ರಲ್ಲಿ ತೆರೆದ ವಾಶಿಯ ಖಾಡಿ ಸೇತುವೆಯಲ್ಲೂ ಒಳಗಿನ ಉಕ್ಕಿನ ಕೇಬಲ್‌ಗಳಿಗೆ ತುಕ್ಕು ಹಿಡಿದು, ಕೊನೆಗೆ 1997ರಲ್ಲಿ ಪಕ್ಕದಲ್ಲೇ ಇನ್ನೊಂದು ಸೇತುವೆ ಬಂತು.

ಸರಳನ್ನು ಕಾಯಲು ಲೇಪಗಳಿವೆ. ಸತುವಿನ ಲೇಪ, ಹಿಂದಿನ ತಗಡಿನ ಬಕೆಟ್ಟಿಗಿದ್ದಂಥದ್ದು, ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಎಪಾಕ್ಸಿ ಲೇಪವು ಉಪ್ಪುನೀರು ಸರಳಿಗೆ ತಾಗದಂತೆ ತಡೆಯುತ್ತದೆ. ಆದರೆ ಅದಕ್ಕೆ ಗೀರು ಬಿದ್ದರೆ ತುಕ್ಕು ಅಲ್ಲಿಂದಲೇ ನುಸುಳುತ್ತದೆ. ಅಮೆರಿಕದ ಫ್ಲಾರಿಡಾ ಕೀಸ್ ದ್ವೀಪಗಳ ಸೇತುವೆಗಳಲ್ಲಿ ಎಪಾಕ್ಸಿ ಹಚ್ಚಿದ ಸರಳುಗಳೂ ಕೆಲವೇ ವರ್ಷಗಳಲ್ಲಿ ತುಕ್ಕು ಹಿಡಿದದ್ದು 1986ರಲ್ಲಿ ಕಂಡುಬಂತು. ಲೇಪವೇ ಸರ್ವಸ್ವವಲ್ಲ.

ಕಲಾಯಿಯವನು ಹಿತ್ತಾಳೆ ಪಾತ್ರೆಯನ್ನು ಬೆಳಗದೆ ತವರ ಹಚ್ಚುತ್ತಾನೆಯೇ? ಹಚ್ಚಿದರೂ ನಿಲ್ಲದು. ಸರಳಿನದೂ ಅದೇ ಕಥೆ. ಸಡಿಲ ಕಾಂಕ್ರೀಟನ್ನು ಸರಳಿನ ಹಿಂಬದಿಯವರೆಗೂ ಕೆತ್ತಬೇಕು. ಉಕ್ಕು ಹೊಳೆಯುವಷ್ಟು ತುಕ್ಕನ್ನು ಉಜ್ಜಿ ತೆಗೆಯಬೇಕು. ಸರಳು ತೀರಾ ಸವೆದಿದ್ದರೆ ಇಂಜಿನಿಯರರ ಸಲಹೆಯಂತೆ ಹೊಸದನ್ನು ಜೋಡಿಸಬೇಕು. ಆಮೇಲೆಯೇ ಸತುವಿನ ಪ್ರೈಮರ್, ಅದರ ಮೇಲೆ ದುರಸ್ತಿಯ ಗಾರೆ. ಹೊಸ ಮನೆ ಕಟ್ಟಿಸುವವರಿಗೂ ಒಂದು ಮಾತು: ಕಡಲ ಗಾಳಿಗೆ ಒಡ್ಡಿದ ಕಡೆ ಸರಳಿನ ಮೇಲೆ ಕನಿಷ್ಠ 45 ಮಿಲಿಮೀಟರ್ ಕಾಂಕ್ರೀಟಿರಬೇಕೆಂದು 2000ದ ಭಾರತೀಯ ಮಾನಕ ಹೇಳುತ್ತದೆ.

ಸೊಸೈಟಿಯ ದುರಸ್ತಿ ಗಂಡಸರ ಮೀಟಿಂಗಿನ ವಿಷಯವೆಂದು ಸುಮ್ಮನಿರಬೇಡಿ, ಸೋದರಿಯರೇ. ಆ ಸೂರಿನಡಿ ಹಗಲೆಲ್ಲ ಇರುವವರು ನಾವು, ಮಕ್ಕಳು, ವಯಸ್ಸಾದವರು. ಗಾರೆ ಮೆತ್ತುವ ಮುನ್ನ ಕಾಂಟ್ರಾಕ್ಟರನನ್ನು ತಡೆದು ಕೇಳಿ: ತುಕ್ಕು ಪೂರ್ತಿ ಹೋಯಿತೇ? ಲೇಪ ಯಾವುದು? ಸರಳಿನ ಸುತ್ತಲೂ ಹಚ್ಚಿದಿರಾ? ಗಾರೆ ಮುಚ್ಚಿದ ಮೇಲೆ ಕೇಳಿ ಪ್ರಯೋಜನವಿಲ್ಲ.